ಮೂರಕ್ಷರ

ಮಸ್ಜಿದ್ ಬಂದರಿನ ಹೆರಿಗೆ ಮನೆ, ಎರಡನೇ ಮಹಡಿ.
ಹಾರ್ಬರ್ ಲೈನಿನ ಗಾಡಿ ಹೋದಾಗೆಲ್ಲ
ಸಲೈನ್ ಬಾಟಲಿ ಸಣ್ಣಗೆ ನಡುಗುತ್ತದೆ.
ಏಳನೇ ಹಾಸಿಗೆಯಲ್ಲಿ ಮೂರು ದಿನದ ಹೆಣ್ಣುಕೂಸು,
ಹೆಸರಿನ ಕಾಲಂ ಇನ್ನೂ ಖಾಲಿ.

'ತಮರ್' ಎಂದಳು ತಾಯಿ.
'ಬೇಡ' ಎಂದಳು ಅಜ್ಜಿ, ಸಿಪ್ಪೋರಾಬಾಯಿ ನಾಗಾವ್‌ಕರ್,
ಸೀರೆಯ ಕಚ್ಚೆ ಸರಿಮಾಡಿಕೊಳ್ಳುತ್ತ.

ನಾನು ರೋಣದವಳು, ಹದಿನೆಂಟು ವರ್ಷದಿಂದ ಇಲ್ಲಿ ದಾದಿ.
ಅವರ ಮರಾಠಿ ಜಗಳ ಕೇಳಿಸದ ಹಾಗೆ
ಬಟ್ಟೆ ಮಡಿಸುತ್ತಿದ್ದವಳಿಗೆ ತಡೆಯಲಾಗಲಿಲ್ಲ:
'ಹಂಗಂದ್ರೇನು?'

'ಖರ್ಜೂರದ ಗಿಡ,' ಎಂದಳು ಬಾಣಂತಿ,
'ನೆಟ್ಟಗೆ ಬೆಳೆಯುತ್ತದೆ. ಮರಳಲ್ಲೂ ಸಿಹಿ.'

ಅಜ್ಜಿ ನಕ್ಕಳು, ನಗುವಲ್ಲದ ನಗು.
'ಗಿಡ ಸರಿ. ಹೆಸರು ಹೊತ್ತವರು?
ಒಬ್ಬಳು, ಗಂಡ ಸತ್ತು, ಮೈದುನ ಸತ್ತು,
ಮಾತು ಕೊಟ್ಟ ಮಾವ ಮರೆತಾಗ
ಮುಸುಕು ಹಾಕಿ ದಾರಿಬದಿ ಕೂತಳು.
ಇನ್ನೊಬ್ಬಳು ಅರಸನ ಮಗಳು,
ಅಣ್ಣನೆಂದು ರೊಟ್ಟಿ ಮಾಡಿಕೊಡಲು ಹೋಗಿ
ಅಂಗಿ ಹರಿದು, ತಲೆಗೆ ಬೂದಿ ಸುರಿದುಕೊಂಡು ಬಂದಳು.
ಹಡಗು ಒಡೆದು ನಮ್ಮವರು ಕೊಂಕಣದ ದಡಕ್ಕೆ ಬಿದ್ದಾಗ
ಪುಸ್ತಕವೆಲ್ಲ ಸಮುದ್ರದ ಪಾಲು,
ಹೆಸರುಗಳಷ್ಟೇ ಈಜಿ ಬಂದವು.
ಅಷ್ಟರಲ್ಲಿ ಇದನ್ನೇ ಹೆಕ್ಕಬೇಕೆ?'

ನಮ್ಮೂರ ಹಳ್ಳದ ಈಚಲು ನೆನಪಾಯಿತು.
ಅದರ ಕೆಳಗೆ ಕೂತು ಮಜ್ಜಿಗೆ ಕುಡಿದರೂ
ಹೆಂಡವೆನ್ನುವ ಜನ.
ಅದರ ಗರಿಯ ಕಸಬರಿಗೆ ಮಾತ್ರ
ಎಲ್ಲರ ಮನೆಯಲ್ಲೂ, ಬಾಗಿಲ ಹಿಂದೆ.

ಒಂದು ಗಾಡಿ ಹೋಯಿತು. ಬಾಟಲಿ ನಡುಗಿ ನಿಂತಿತು.
'ಮಾವನ ಮುದ್ರೆ, ಕೋಲು ಒತ್ತೆ ಇಟ್ಟುಕೊಂಡಿದ್ದಳಲ್ಲ, ಆಯಿ,
ಸುಡಿರಿ ಇವಳನ್ನು ಎಂದಾಗ ತೆಗೆದು ತೋರಿಸಿದಳು.
ನನ್ನ ಮಗಳಿಗೆ ಅಷ್ಟು ಲೆಕ್ಕ ಬಂದರೆ ಸಾಕು.'
ಮತ್ತೆ, ದನಿ ತಗ್ಗಿಸಿ:
'ಬೂದಿ ಸುರಿದುಕೊಂಡವಳನ್ನು ಆಮೇಲೆ
ಯಾರಾದರೂ ಹೆಸರು ಹಿಡಿದು ಕರೆದರೆ?'

ಅಜ್ಜಿ ಕಿಟಕಿಯತ್ತ ತಿರುಗಿದಳು. ಬಹಳ ಹೊತ್ತಿನ ಮೇಲೆ,
ಕಿಟಕಿಗೇ ಹೇಳಿದಳು:
'ಒಡಹುಟ್ಟಿದ ಇನ್ನೊಬ್ಬ ಇದ್ದ.
ತನ್ನ ಮಗಳಿಗೆ ಅದೇ ಹೆಸರಿಟ್ಟ.'

ಯಾವ ಹೆಸರನ್ನೂ ಮೊದಲು ಅಂಗೈ ಮೇಲೆ
ಕನ್ನಡದಲ್ಲಿ ಬರೆದು ನೋಡುವುದು ನನ್ನ ರೂಢಿ.
ತ. ಮ. ರ.
ಕೊಂಬಿಲ್ಲ, ಗುಡಿಸಿಲ್ಲ, ದೀರ್ಘವಿಲ್ಲ.
ಅವರ ಲಿಪಿಯಲ್ಲೂ ಮೂರೇ ಅಂತೆ,
ಸ್ವರ ಓದುವವರ ಬಾಯಲ್ಲಿ.
ಹೆಬ್ಬೆರಳು ಜಾರಿ ಮೊದಲಕ್ಷರ ಮುಚ್ಚಿತು:
ಮರ.

ಬಾಣಂತಿಗೆ ತೋರಿಸಬೇಕೆನಿಸಿತು.
ಅವಳಿಗೆ ಕನ್ನಡ ಬಾರದು.
ಕಾಲಂ ತುಂಬಿ, ಡೆಟಾಲಿನಲ್ಲಿ ಕೈ ತೊಳೆದು
ಹಸಿದ ಕೂಸನ್ನು ಎತ್ತಿ ಕೊಟ್ಟೆ.