ಇಪ್ಪತ್ತೊಂದು ಸಾವಿರ

ಜವರಪ್ಪನ ಎದೆಯ ಕೂದಲು ಬೋಳಿಸಿ
ಐದು ಬಿಲ್ಲೆ ಅಂಟಿಸಿದೆ.
ಸೊಂಟಕ್ಕೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ.
"ನಾಳೆ ಇದೇ ಹೊತ್ತಿಗೆ ಬನ್ನಿ. ಸ್ನಾನ ಬೇಡ.
ಏನನ್ನಿಸಿದರೂ ಈ ಹಾಳೆಯಲ್ಲಿ ಗಂಟೆ ಹಾಕಿ ಬರೀರಿ."

ಮೂವತ್ತೊಂದು ವರ್ಷ ಮೈಸೂರು ಸ್ಟೇಷನ್ನಿನಲ್ಲಿ
ರಾತ್ರಿ ಬಂದು ನಿಂತ ಬೋಗಿಗಳ ಚಕ್ರಕ್ಕೆ
ಉದ್ದ ಹಿಡಿಯ ಸುತ್ತಿಗೆಯಲ್ಲಿ ಹೊಡೆದು
ಕಿವಿಗೊಟ್ಟವನು.
"ಒಳ್ಳೆ ಚಕ್ರ ಕೂಗ್ತದೆ ಕಣವ್ವ.
ಬಿರುಕು ಬಿಟ್ಟದ್ದು ಕೂಗಕ್ಕಿಲ್ಲ,
ಮೂಗನಂಗೆ ಮಕ ನೋಡ್ತದೆ.
ಈ ಎದೆಗೆ ಯಾವ ಕಡೆಯಿಂದ ಹೊಡೀಲಿ?"

ಮರುದಿನ ಹಾಳೆ ತಂದ. ಪೆನ್ಸಿಲಿನ ದಪ್ಪಕ್ಷರ:

೧೧.೨೦ ಅಗ್ರಹಾರದಲ್ಲಿ ಕಾಫಿ. ಎರಡನೇದು.
೪.೦೫ ತಪ್ಪಿತು. ತಿರುಗಾ ತಪ್ಪಿತು.
೬.೩೦ ಹಳೇ ಫೋರ್‌ಮನ್ ಎದುರಾದ. ಮಾತಾಡಿಸಲಿಲ್ಲ.
೯.೦೦ ಮುದ್ದೆ, ಉಪ್ಸಾರು. ಚೆನ್ನಾಗಿತ್ತು.
ರಾತ್ರಿ ನಿದ್ದೆ. ಏನೂ ಇಲ್ಲ.

ಕಂಪ್ಯೂಟರು ಬೇರೆ ಹೇಳಿತು.
ನಾಲ್ಕೂ ಐದಕ್ಕೆ ಒಂದೇ ಒಂದು.
ಫೋರ್‌ಮನ್ ಸಿಕ್ಕಾಗ ಸಾಲಾಗಿ ಮೂರು.
ಏನೂ ಇಲ್ಲದ ಆ ನಿದ್ದೆಯಲ್ಲಿ
ಎಂಟು ಸಾವಿರದ ನಾನೂರು.
ಒಂದು ಲಕ್ಷ ಚಿಲ್ಲರೆ ಬಡಿತದಲ್ಲಿ
ಇಪ್ಪತ್ತೊಂದು ಸಾವಿರ, ಕರೆಯದೆ ಬಂದವು.

"ಹೆಚ್ಚಾಗಿ ಬಂದದ್ದು ನಿಮಗೆ ಗೊತ್ತಾಗೋದಿಲ್ಲ"
ಅಂದರು ಡಾಕ್ಟರ್ ಫರ್ಹಾನಾ.
"ಗೊತ್ತಾಗೋದು ಅದಾದ ಮೇಲಿನ ಬಿಡುವು,
ಆಮೇಲೆ ತುಂಬಿಕೊಂಡು ಒದೆಯುತ್ತಲ್ಲ, ಅದು."
ಜವರಪ್ಪ ತಲೆಯಾಡಿಸಿದ.
ಹಳಿಯ ಸಂದು ಬಲ್ಲವನಿಗೆ ಇನ್ನೇನು ಬಿಡಿಸಿ ಹೇಳುವುದು.

ರಕ್ತ ನೋಡಿದರು. ಪೊಟ್ಯಾಸಿಯಂ, ಥೈರಾಯ್ಡ್ ಸರಿ.
ಎಕೋದಲ್ಲಿ ಗುಂಡಿಗೆ ತುಸು ಸಡಿಲ, ನಲವತ್ತೈದು.
"ಹೆದರಬೇಡಿ. ಹಾಗಂತ ಬಿಟ್ಟುಬಿಡಲೂ ಬೇಡಿ."
ಕಾಫಿ ಒಂದಕ್ಕಿಳಿಯಿತು, ಜಗಳವಾಡಿಕೊಂಡು.
ಬೆಳಿಗ್ಗೆ ಅರ್ಧ ಮಾತ್ರೆ, ಆಮೇಲೆ ಪೂರ್ತಿ.
ಮೂರು ತಿಂಗಳಿಗೆ ಮತ್ತೆ ನನ್ನ ಬಿಲ್ಲೆಗಳು:
ಹದಿನೆಂಟು ಸಾವಿರ.
ಮೇಲೆ ಹಗಲೆಲ್ಲ ತೂಕಡಿಕೆ.

ಕೊನೆಗೆ ತೊಡೆಯ ರಕ್ತನಾಳದಿಂದ ತಂತಿ ಹೋಯಿತು.
ಪರದೆಯಲ್ಲಿ ಗುಂಡಿಗೆ ನಕ್ಷೆಯಾಗಿ ತಿರುಗುತ್ತಿತ್ತು,
ಹಸಿರು, ನೇರಳೆ, ಒಂದು ಕಡೆ ಮಾತ್ರ ಕೆಂಪು.
ಶ್ವಾಸಕೋಶದ ಬಾಗಿಲ ಕೆಳಗೆ ಎಳ್ಳಿನಷ್ಟು ಜಾಗ;
ಎಲ್ಲರಿಗಿಂತ ಮುಂಚೆ ಬಾಯಿ ಹಾಕುತ್ತಿದ್ದದ್ದು ಅದೇ.
ಸುಟ್ಟರು. ಅವನಿಗೆ ಎಚ್ಚರವಿತ್ತು.
"ಕಾಯ್ತದೆ ಕಣವ್ವ" ಅಂದ, ಅಷ್ಟೆ.
ಗಾಜಿನಾಚೆ ನಾನು ಗೆರೆ ನೋಡುತ್ತಿದ್ದೆ.
ಎಂಟನೇ ಸೆಕೆಂಡಿಗೆ ಅಗಲದವೆಲ್ಲ
ಜಾತ್ರೆಗೆ ಹೊರಟಂತೆ ಒಟ್ಟಿಗೆ ನುಗ್ಗಿ ಬಂದು
ತಟ್ಟನೆ ಇಲ್ಲವಾದವು.
ಯಾರೂ ಮಾತಾಡಲಿಲ್ಲ. ಅರ್ಧ ಗಂಟೆ ಕಾದೆವು.

ಮೊನ್ನೆ ಮೂರನೇ ಹಾಳೆ ಬಂತು.
ಕಂಪ್ಯೂಟರಿನ ಲೆಕ್ಕ ನೂರ ಹದಿನೇಳು.
ಹಾಳೆಯಲ್ಲಿ ಇದ್ದದ್ದು ಇಷ್ಟೇ:

ರಾತ್ರಿ ೨.೪೦ ಎಚ್ಚರಾಯ್ತು.
ತಪ್ಪಲಿ ಅಂತ ಕಾದೆ. ತಪ್ಪಲಿಲ್ಲ.
ದೂರದಲ್ಲಿ ಗೂಡ್ಸ್ ಗಾಡಿ ಹೋಯ್ತು.
ಅದರದೊಂದು ಚಕ್ರ ಸರಿ ಇಲ್ಲ.