ಇನ್ನು ಯಾರಿಗೆ ಫೋನು

ಮೂವತ್ತೊಂದು ವರುಷ ಕಂಬ ಹತ್ತಿದವನು ನಾನು.
ಚೇರಂಗಾಲದ ಇಳಿಜಾರಿನಲ್ಲಿ ಯಾವ ಹಲಸು,
ಯಾವ ತಂತಿಯ ಮೇಲೆ, ಎಷ್ಟನೇ ಕಕ್ಕಡಕ್ಕೆ ಬೀಳುತ್ತದೆಂದು
ಮರಕ್ಕಿಂತ ಮೊದಲೇ ನನಗೆ ಗೊತ್ತಿತ್ತು.
ಜನರಿಗೆ ನನ್ನ ನಂಬರು ಬಾಯಿಪಾಠ.
'ಕರೆಂಟು ಯಾವಾಗ ಬರ್ತದೆ ಪಳಂಗಪ್ಪ?'
ಒಂಬತ್ತು ದಿನದ ಕತ್ತಲಲ್ಲಿ
ಹನ್ನೊಂದು ಸಲ ಬೈಸಿಕೊಂಡು
ಹನ್ನೆರಡನೆಯದಕ್ಕೆ ಕಾಫಿ ಕುಡಿಸಿಕೊಂಡವನು.

ನಿವೃತ್ತಿಯಾದ ಮರುವಾರವೇ ಶಾಲೆಯಿಂದ ಕರೆ.
ಜಲಜಾಕ್ಷಿ ಟೀಚರ್ ತೋಡಿನಲ್ಲಿ ಮೊಣಕಾಲುದ್ದ ನಿಂತಿದ್ದರು
ಬಕೆಟ್ಟು ಹಿಡಿದು.
ದಂಡೆಯಲ್ಲಿ ಲೈನ್‌ಮನೆಯ ಹಫ್ಸಾ, ಏಳನೇ ಕ್ಲಾಸು,
ಕೈಯಲ್ಲಿ ಆಟದ ಮೇಷ್ಟ್ರ ಸ್ಟಾಪ್‌ವಾಚು.
'ಇಪ್ಪತ್ತು ಲೀಟರು. ನಾಲ್ಕು ಸೆಕೆಂಡು.'
ಸಾವಿರ ಸಲ ದಾಟಿದ್ದೆ ಆ ತೋಡನ್ನು,
ಶೂ ನೆನೆಯಿತೆಂದು ಬೈದದ್ದು ಬಿಟ್ಟರೆ
ಅದರ ಲೆಕ್ಕ ಕೇಳಿರಲಿಲ್ಲ.

ನೀರು ತುಂಬಿದ ಪಾರದರ್ಶಕ ಕೊಳವೆಯೊಂದನ್ನು
ಮಕ್ಕಳು ಹಾವಿನಂತೆ ಎಳೆದುಕೊಂಡು ಗುಡ್ಡ ಇಳಿದರು,
ಮೆಟ್ಟಿಲು ಮೆಟ್ಟಿಲಾಗಿ ಎತ್ತರ ಅಳೆದರು.
ನಲವತ್ತೆರಡು ಮೀಟರು.
ಗುಣಿಸಿದರು. ಬಂದದ್ದರಲ್ಲಿ ಅರ್ಧ ಹೊಡೆದುಹಾಕಿದರು.
ಅರ್ಧ ಯಾಕೆ ಎಂದೆ.
'ಪೈಪು ತಿನ್ನುತ್ತದೆ, ಚಕ್ರ ತಿನ್ನುತ್ತದೆ, ತಂತಿ ತಿನ್ನುತ್ತದೆ ಅಜ್ಜಾ,
ನಿಮ್ಮ ಇಲಾಖೆಯ ಹಾಗೆ.'

ಉಳಿದದ್ದು ಒಂದು ಕಿಲೋವ್ಯಾಟು.
ಒಂದು ಇಸ್ತ್ರಿಪೆಟ್ಟಿಗೆ! ನಕ್ಕೆ.
ಅವರಿಬ್ಬರೂ ನಗಲಿಲ್ಲ.

ಕುಶಾಲನಗರದ ಪಾಲಿಟೆಕ್ನಿಕ್ ಹುಡುಗರು ಬಂದರು
ಗೋಣಿಯಲ್ಲಿ ಸುತ್ತಿದ ಚಕ್ರ ಹೊತ್ತು.
ದೊಡ್ಡ ಅಬ್ಬಿಯನ್ನು ಕಂಡವರೇ 'ಇಲ್ಲೇ' ಎಂದರು.
ಬೈನೆಮರದಿಂದ ಇಳಿಯುತ್ತಿದ್ದ ಕುಡಿಯರ ಬೆಳ್ಯಪ್ಪ
ಮಡಕೆ ಕೆಳಗಿಟ್ಟು, ಬಾಯಿ ಒರೆಸಿಕೊಂಡು,
'ಅದು ಶಿವರಾತ್ರಿಗೆ ಬರೀ ಕಲ್ಲು' ಎಂದ.
ಇನ್ನೊಂದು ಬಾಯಿ ತೋರಿಸಿದ, ಸಣ್ಣದು, ಜರಿಗಿಡದ ಮರೆಯದು.
'ಏಪ್ರಿಲಿನಲ್ಲೂ ಇಲ್ಲಿ ಏಡಿಯ ಬೆನ್ನು ಒಣಗುವುದಿಲ್ಲ.'
ಹುಡುಗರು ಬರೆದುಕೊಂಡರು.
ಯಾವ ಪುಸ್ತಕದಲ್ಲಿ ಓದಿದ್ದೆಂದು ಒಬ್ಬನೂ ಕೇಳಲಿಲ್ಲ.

ಪೈಪು ಚೋಂದಮ್ಮನವರದು, ಹಳೇ ಸ್ಪ್ರಿಂಕ್ಲರಿನದು.
ಕಾಲುವೆ ಅಗೆದದ್ದು ಲೈನ್‌ಮನೆಯವರು,
ಹಣ್ಣು ಕೊಯ್ದು ಬಂದ ಕೈಯಲ್ಲೇ, ಸಂಜೆ ಹೊತ್ತು.
ಸಭೆಯಲ್ಲಿ ಹಿರಿಯರು ಮನೆ ಎಣಿಸಿದರು.
ಹದಿಮೂರು.
ಹಾರೆ ಗೋಡೆಗೆ ಒರಗಿಸಿ ನಿಂತವರು ಏನೂ ಹೇಳಲಿಲ್ಲ.
ಟೀಚರ್ ಹಫ್ಸಾಳ ನೋಟ್‌ಪುಸ್ತಕ ಬಿಡಿಸಿ ಮೇಜಿನ ಮೇಲಿಟ್ಟರು.
ಹತ್ತೊಂಬತ್ತು ಮನೆ, ಮನೆಗೆ ಮೂರು ಬಲ್ಬು,
ಕೂಡುವ ಲೆಕ್ಕ ಮೊದಲ ದಿನವೇ ಮುಗಿದಿತ್ತು.
ಅಳಿಸಲು ಯಾರ ಹತ್ತಿರವೂ ರಬ್ಬರು ಇರಲಿಲ್ಲ,
ಇದ್ದರೂ ಚೋಂದಮ್ಮ ಕೆಮ್ಮಿದ ಆ ಕೆಮ್ಮಿನ ನಂತರ
ತೆಗೆಯುವ ಧೈರ್ಯ ಇರಲಿಲ್ಲ.

ಕೈಲ್‌ಪೊಳ್ದಿಗೆ ಕೋವಿಗಳ ಸಾಲಿನಲ್ಲಿ
ನನ್ನ ಇಪ್ಪತ್ತೆರಡನೇ ನಂಬರಿನ ಸ್ಪ್ಯಾನರಿಗೂ
ಯಾರೋ ತೋಕ್ ಪೂ ಸಿಕ್ಕಿಸಿದ್ದರು.
ಅಂದು ಸಂಜೆ ಕವಾಟ ತಿರುಗಿಸಿದೆವು.
ಪೈಪು ಉಗುಳಿತು, ಗೊಣಗಿತು, ಆಮೇಲೆ ಒಂದೇ ಸ್ವರ ಹಿಡಿಯಿತು.
ಬಲ್ಬಿನ ಕೆಳಗೆ ನಮ್ಮ ಮುಖಗಳು
ನಮಗೇ ಸ್ವಲ್ಪ ಅಪರಿಚಿತ.

ಎಂಟು ಗಂಟೆಗೆ ಬೆಳಕು ಕೆಂಪಾಯಿತು, ಕುಗ್ಗಿತು,
ಹೋಯಿತು.
ಹತ್ತೊಂಬತ್ತು ಮನೆಯಲ್ಲೂ ಹಳೆಯ ಮೌನ.
ರೂಢಿಯ ಕೈ, ನಾನೇ ಜೇಬಿನಿಂದ ಫೋನು ತೆಗೆದೆ.
ತೆಗೆದು, ನೋಡುತ್ತ ನಿಂತೆ.
ಯಾರಿಗೆ?
ಬೈಯಲು ಆಫೀಸಿಲ್ಲ, ಬೈಸಿಕೊಳ್ಳಲು ಪಳಂಗಪ್ಪನಿಲ್ಲ.
ಇರುವವನು ನಾನೊಬ್ಬ, ಅವನಿಗೂ ಮಂಡಿನೋವು.

ಅಷ್ಟರಲ್ಲಿ ಗುಡ್ಡದ ಮೇಲೆ ಒಂದು ಟಾರ್ಚು ಏರುತ್ತಿತ್ತು,
ಹಿಂದೆ ಇನ್ನೊಂದು, ಹಿಂದೆ ಬೆಳ್ಯಪ್ಪನ ಬೀಡಿಯ ಕಿಡಿ.
ಶಾಲೆಯ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ
ಸೋಮವಾರದ ಜಾಲರಿ ಯಾರ ಪಾಳಿ ಎಂದು ಬರೆದಿತ್ತಂತೆ,
ನಾನೇ ಓದಿರಲಿಲ್ಲ.

ಹಫ್ಸಾ ಕೆಳಗಿಳಿದು ಬಂದು ಅಂಗೈ ಬಿಡಿಸಿದಳು.
ಒಂದು ಏಡಿ, ನೀರಿನ ಬಾಯಿಗೆ ಸಿಕ್ಕಿಕೊಂಡಿದ್ದದ್ದು,
ಬೆನ್ನು ಒದ್ದೆ,
ಇನ್ನೂ ಒಂದು ಕೊಂಡಿ ಎತ್ತಿ
ನಮ್ಮೆಲ್ಲರ ಮೇಲೂ ಜಗಳಕ್ಕೆ ನಿಂತದ್ದು.