ಬಿಳಿಯಾದವನ್ನು ಹೆಕ್ಕುವುದು

ಮೊದಲ ದಿನ ಎಲ್ಲವೂ ಒಂದೇ:
ಟ್ರೇ ತುಂಬ ನಿಂಬೆಹಳದಿ ಕಾಳು,
ನೆನೆಸಿದ ಸಾಬಕ್ಕಿಯ ಗಾತ್ರ.
ಎರಡನೆಯ ದಿನ ಬೆಳಗಿನ ಜಾವ
ಕೆಲವು ಬಿಳಿಯಾಗಿರುತ್ತವೆ, ಬೆಂದ ಮೀನಿನ ಕಣ್ಣಿನಂತೆ.
ಅವು ಸತ್ತವು.
ಹೆಕ್ಕದೆ ಬಿಟ್ಟರೆ ಬೂಷ್ಟು ಹತ್ತಿಯ ಹಾಗೆ ಅರಳಿ
ಪಕ್ಕದ್ದನ್ನೂ ತಬ್ಬಿಕೊಳ್ಳುತ್ತದೆ.
ಅದಕ್ಕೇ ಚಿಮಟ, ಬ್ಯಾಟರಿ, ಪಿಂಗಾಣಿ ಬಸಿ,
ಕುತ್ತಿಗೆ ನೋವು.

ಮಲ್ಲಾಪುರದಾಚೆ, ಕಾಳಿಯ ದಂಡೆಗೆ
ತಗಡಿನ ಶೆಡ್ಡು, ಆರು ಸಿಮೆಂಟು ತೊಟ್ಟಿ, ಒಂದು ಪಂಪು,
ನಾನು, ಮತ್ತು ಪುರಸು ಅಂಬಿಗ.
ಬೋರ್ಡಿನ ಮೇಲೆ ಮಹಶೀರ್ ಮರಿ ಉತ್ಪಾದನಾ ಕೇಂದ್ರ.
ಪುರಸು ಆ ಹೆಸರು ಹೇಳುವುದಿಲ್ಲ.
ಅವನಿಗದು ದೊಡ್ಡ ಹುರುಪೆಯದು, ಅಷ್ಟೇ.
'ಒಂದು ಹುರುಪೆ ಕಿತ್ರೆ ಅದ್ರಲ್ಲಿ
ಎಲೆಗೆ ಹಚ್ಚೂ ಸುಣ್ಣ ಇಡ್ಲಕ್ಕಾಗ್ತಿತ್ತು.'

ಅವನ ಎಡಗೈಯಲ್ಲಿ ಮೂರೇ ಬೆರಳು.
ಉಳಿದೆರಡು ಹೋದದ್ದು ತೋಟೆಗೆ.
ಬತ್ತಿ ಗಿಡ್ಡವಿತ್ತು, ಮಡು ಆಳವಿತ್ತು,
ಅವನಿಗೆ ಹತ್ತೊಂಬತ್ತು.
ಆ ದಿನ ಎಷ್ಟು ಮೀನು ತೇಲಿತು ಅಂತ ಒಮ್ಮೆ ಕೇಳಿದ್ದೆ.
ಬೀಡಿ ಆರಿಸಿ ಹೇಳಿದ:
'ಎರಡು ದೋಣಿ. ತಿಂದದ್ದು ಊರೆಲ್ಲ.
ಬೆರಳು ಹುಡುಕಿದವರು ಯಾರೂ ಇಲ್ಲ.'

ಅದೇ ಕೈ ಈಗ ಹೆಣ್ಣುಮೀನಿನ ಹೊಟ್ಟೆ ಸವರುತ್ತದೆ,
ಎದೆಯಿಂದ ಬಾಲದ ಕಡೆಗೆ.
ಒದ್ದೆಬಟ್ಟೆಯಲ್ಲಿ ಸುತ್ತಿದ ಆರು ಕಿಲೋ ಸಿಟ್ಟು!
ನಾನು ಒತ್ತಿದರೆ ಬಿಗಿಹಿಡಿಯುವ ಮೀನು
ಅವನು ಮುಟ್ಟಿದರೆ ಬಟ್ಟಲಿಗೆ ಸದ್ದಿಲ್ಲದೆ ಸುರಿಯುತ್ತದೆ.
ಮೇಲೆ ಗಂಡಿನ ಹಾಲು, ನಾಲ್ಕು ಹನಿ.
ಕೋಳಿಗರಿಯಿಂದಲೇ ಕಲಸಬೇಕು.
ಹುಂಜದ ಗರಿಯೇ ಬೇಕೆಂದು ಅವನ ಹಟ,
ಯಾವುದಾದರೂ ನಡೆಯುತ್ತದೆಂದು ಪುಸ್ತಕ.
ನಾವು ಹುಂಜದ್ದೇ ತರುತ್ತೇವೆ.

ಇದನ್ನು ಪ್ರಾಯಶ್ಚಿತ್ತ ಅಂತ ಬರೆದ
ಹುಬ್ಬಳ್ಳಿಯ ಪತ್ರಿಕೆಯವನೊಬ್ಬ.
ಪುರಸುವಿಗೆ ಓದಿ ಹೇಳಿದೆ.
'ಸಂಬಳ' ಅಂದ. 'ತಿಂಗಳಿಗೆ ಹನ್ನೊಂದು ಸಾವಿರ.
ಅದ್ಯಾಕೆ ಬರೀಲಿಲ್ಲ ಅಂವ?'

ಚೌತಿ ಮುಗಿದ ವಾರ ಒಂದು ರಾತ್ರಿ ಕರೆಂಟು ಹೋಯಿತು.
ಎದುರಿಗೇ ಅಣೆಕಟ್ಟು, ಅದರ ದೀಪಗಳೆಲ್ಲ ಉರಿಯುತ್ತಿವೆ,
ನಮ್ಮ ಪಂಪಿಗೆ ಮಾತ್ರ ಇಲ್ಲ.
ಕೊಡದಲ್ಲಿ ಎತ್ತಿ ಎತ್ತಿ ಸುರಿದೆವು.
ನೀರು ನಿಲ್ಲಬಾರದು, ಅಷ್ಟೇ.
ನಾಲ್ಕನೆಯ ಟ್ರೇ ಉಳಿಯಲಿಲ್ಲ.
ಬೆಳಿಗ್ಗೆ ಪೂರ್ತಿ ಬಿಳಿ,
ಹೆಕ್ಕುವ ಮಾತೇ ಇಲ್ಲ, ಕೆಸುವಿನ ಬುಡಕ್ಕೆ ಬೋರಲು ಹಾಕಿದೆ.
ಫಾರ್ಮಿನಲ್ಲಿ 'ಕಾರಣ' ಎಂಬಲ್ಲಿ
ಒಂದೂವರೆ ಇಂಚು ಜಾಗ.

ಒಡೆದು ಬಂದವು ಮೂಲೆ ಸೇರುತ್ತವೆ, ತಲೆ ಕತ್ತಲಿಗೆ.
ಹೊಟ್ಟೆಗೆ ಕಟ್ಟಿಕೊಂಡ ಬುತ್ತಿ ತೀರುವವರೆಗೆ
ಯಾರನ್ನೂ ಏನೂ ಕೇಳುವುದಿಲ್ಲ.
ಆಮೇಲೆ ಕೇಳುತ್ತವೆ. ದಿನಕ್ಕೆ ಎಂಟು ಸಲ.

ಹಿಂದೆ ಇವುಗಳ ಅಜ್ಜ-ಮುತ್ತಜ್ಜ
ಹೊಸನೀರಿನ ವಾಸನೆ ಹಿಡಿದು ಘಟ್ಟ ಹತ್ತುತ್ತಿದ್ದವಂತೆ.
ಈಗ ಕದ್ರಾದ ಗೋಡೆಗೆ ಮೂತಿ ತಾಗಿಸಿ ನಿಲ್ಲುತ್ತವೆ,
ಸೈರನ್ ಕೂಗಿದರೆ ನೀರಿನ ಜೊತೆ ಕೆಳಗೆ.
ಹಾಗಾಗಿ ಟೆಂಪೊ.
ಆಮ್ಲಜನಕ ಊದಿದ ಚೀಲ ನಲವತ್ತು,
ಒಂದೊಂದರಲ್ಲಿ ಬೆರಳುದ್ದದವು ಐವತ್ತು,
ಸಂದಿಗೆ ಒದ್ದೆ ಗೋಣಿ, ಹಿಂದೆ ಪುರಸು.
ತಿರುವು ಬಂದಾಗಲೆಲ್ಲ ಎರಡೂ ತೋಳು ಚಾಚಿ
ಚೀಲಗಳನ್ನು ತಡೆಯುತ್ತಾನೆ, ಡ್ರೈವರನ್ನು ಬೈಯುತ್ತಾನೆ.
ಚೆಕ್‌ಪೋಸ್ಟಿನ ಗಾರ್ಡು ಟಾರ್ಚು ಬಿಟ್ಟು ನೋಡಿ
ರಿಜಿಸ್ಟರಿನಲ್ಲಿ ಬರೆದ: 'ಸಜೀವ ಸಾಮಗ್ರಿ'.

ಮೇಲಿನ ಹಳ್ಳದಲ್ಲಿ ಚೀಲ ಬಿಚ್ಚುವ ಮುಂಚೆ
ಅರ್ಧ ಗಂಟೆ ತೇಲಿಸಿಡಬೇಕು,
ಒಳಗಿನ ನೀರಿಗೂ ಹೊರಗಿನದಕ್ಕೂ ಪರಿಚಯವಾಗಲಿ ಎಂದು.
ಕಲ್ಲಿನ ಮೇಲೆ ಕೂತೆವು.
'ಈ ಮಡು ನಂಗೆ ಗೊತ್ತು' ಅಂದ ಪುರಸು.
ಹೇಗೆ ಅಂತ ನಾನು ಕೇಳಲಿಲ್ಲ.

ಕೊನೆಯ ಚೀಲದಲ್ಲಿ ಒಂದು ಮರಿ ಹೊಟ್ಟೆ ಮೇಲಾಗಿತ್ತು.
ಮೂರು ಬೆರಳಲ್ಲಿ ಹೆಕ್ಕಿ, ಅಂಗಿಯ ಕಿಸೆಗೆ ಹಾಕಿಕೊಂಡು,
'ಎರಡು ಸಾವಿರ ಅಂತ ಬರೀಬೇಡ' ಅಂದ,
'ಒಂದು ಕಡಿಮೆ ಬರಿ.'